ಮುತ್ತುವಿನ ಕೂದಲಿಗಾಗಿ ಪ್ರಾರ್ಥನೆ

ಫೆಬ್ರವರಿ ೯, ರವಿವಾರ

ಯಾರು ನೀನು? ನನ್ನ ಡೈರಿ ತೆರೆದುಕೊಂಡು ಕುಳಿತಿದ್ದೀಯಲ್ಲ, ಕೈಯಾದರೂ ತೊಳೆದುಕೊಂಡಿದ್ದೀಯಾ? ಒಲೆಯ ಮೇಲಿನ ಹಾಲು ಇಳಿಸಿದೆಯಾ? ಇಲ್ಲದಿದ್ದರೆ ಮೊದಲು ಹೋಗಿ ಅದನ್ನು ಇಳಿಸು. ಕದ್ದು ಓದುವವರ ಕಣ್ಣಿಗೆ ಪೊರೆ ಬರಲಿ ಎಂದು ಶಾಪ ಹಾಕಬಹುದಿತ್ತು. ಆದರೆ ನಾವು ದೇವರ ಸಭೆಗೆ ಹೋಗುವ ಜನ, ಶಾಪ ಹಾಕುವುದಿಲ್ಲ. ಬಂದರೆ ಚೆನ್ನಾಗಿತ್ತು ಎಂದು ಆಸೆ ಮಾತ್ರ ಪಡುತ್ತೇವೆ. ಓದುತ್ತಿರುವುದು ನನ್ನ ಮಗ ರಾಜಾರಾಮನಾದರೆ ಮುಚ್ಚಿಡು. ಸೊಸೆ ಶೈಲಶ್ರೀಯಾದರೆ ಇನ್ನೂ ಬೇಗ ಮುಚ್ಚಿಡು, ಮುಂದೆ ನಿನ್ನ ವಿಷಯವೇ ಬರುವುದಿದೆ.

ಇದು ಗೊಬ್ಬರದ ಅಂಗಡಿಯವರು ರಾಜಾರಾಮನಿಗೆ ಕೊಟ್ಟ ಡೈರಿ. ಪ್ರತಿ ಪುಟದ ಕೆಳಗೆ ದ್ರಾಕ್ಷಿಗೆ ಬೀಳುವ ರೋಗಗಳ ಹೆಸರು ಅಚ್ಚಾಗಿದೆ. ಅವುಗಳ ಮೇಲೆ ನಾನು ಬರೆಯುತ್ತೇನೆ. ಹಳ್ಳಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಒತ್ತಕ್ಷರ ತಪ್ಪಿದರೆ ತಪ್ಪಲಿ, ತಿದ್ದಲು ಆ ಮಾಸ್ತರರೇನೂ ಸ್ವರ್ಗದಿಂದ ಇಳಿದು ಬರುವುದಿಲ್ಲ.

ಇವತ್ತಿನ ಸುದ್ದಿ ದೊಡ್ಡದು. ನಮ್ಮ ತಿಕೋಟಾ ಸಭೆಯ ಸ್ತ್ರೀ ಸಂಘದ ಅಧ್ಯಕ್ಷೆ ವಿಜಯಪುರಕ್ಕೆ ಮಗಳ ಮನೆಗೆ ಹೋಗಿಬಿಟ್ಟಳು. ಮಾರ್ಚ್ ಕೊನೆಯ ರವಿವಾರ ಹೊಸಬರನ್ನು ಆರಿಸುವುದಂತೆ. ಸಭೆ ನಡೆಸುವ ಅಯ್ಯನವರು ಆರಾಧನೆಯ ಪ್ರಸಂಗದಲ್ಲಿಯೇ ಅದನ್ನು ತಂದರು.

‘ಮುಂದ ನಡಿಯಾವ್ರಿಗೆ ಮೊದಲ ಗುಣ ಬೇಕ್ರಿ. ಗುಣ ಇದ್ರ ನಂಬಿಗಿ ಹುಟ್ತದ. ನಂಬಿಗಿ ಇದ್ರ ಮಂದಿ ತಾವ ಹಿಂದ ಬರ್ತಾರ. ಧ್ವನಿ ಎಲ್ಲಾದಕ್ಕೂ ಕಡೀಕ.’

ಧ್ವನಿ ಎನ್ನುವಾಗ ಅಯ್ಯನವರು ನನ್ನ ಕಡೆಗೆ ನೋಡಿದರು. ಮೆಚ್ಚಿಯೇ ನೋಡಿದ್ದಾರೆ. ಗುಣ ನನಗಿದೆ, ನಂಬಿಗೆ ಇದೆ, ಧ್ವನಿಯಂತೂ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತದೆ. ಇನ್ನು ಆರಿಸುವುದೇನು ಉಳಿಯಿತು? ಹೀಗಿರುವಾಗ ಯಾರೋ ಹಿಂದಿನ ಸಾಲಿನಿಂದ ‘ಶೈಲಶ್ರೀ ಟೀಚರ್ ಆದ್ರೂ ನಡೀತೈತಿ’ ಎಂದರು. ನನ್ನ ಸೊಸೆ ಬಬಲೇಶ್ವರದ ಸಾಲೆಯಲ್ಲಿ ಟೀಚರ್. ಮನೆಯಲ್ಲಿ ಅವಳು ಮಾತಾಡಿದ್ದು ಕೇಳಬೇಕೆಂದರೆ ಮಿಕ್ಸರ್ ಬಂದ್ ಮಾಡಬೇಕು. ಅಧ್ಯಕ್ಷೆಯಂತೆ.

ಫೆಬ್ರವರಿ ೧೩, ಬೇಸ್ತವಾರ

ದೀಪ ಆರಿಸುವ ಮೊದಲು ಇದನ್ನು ಬರೆದಿಡಬೇಕು.

ಬೇಸ್ತವಾರ ನಮ್ಮವರದು ಮನೆ ಪ್ರಾರ್ಥನೆ. ಈ ವಾರ ಮುರಿಗೆವ್ವನ ಮನೆಯ ಪಾಳಿ. ಹಾಡು ಮುಗಿದ ಮೇಲೆ ಒಬ್ಬೊಬ್ಬರು ತಮ್ಮ ಪ್ರಾರ್ಥನೆಯ ವಿಷಯ ಹೇಳಬೇಕು, ಇನ್ನೊಬ್ಬರು ಅದನ್ನು ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ ದೇವರ ಮುಂದೆ ಇಡಬೇಕು. ಇದು ನಮ್ಮ ಪದ್ಧತಿ. ಬೇರೆಯವರು ‘ಕರ್ತನೇ, ಈ ಮನೆಯವರನ್ನು ಆಶೀರ್ವದಿಸು’ ಎಂದು ಮುಗಿಸುತ್ತಾರೆ. ಅಷ್ಟಕ್ಕೆ ದೇವರು ಏನು ತಿಳಿದುಕೊಳ್ಳಬೇಕು? ಯಾವ ಓಣಿ, ಯಾರ ಹೊಟ್ಟೆನೋವು, ಏನು ತಿಂದದ್ದಕ್ಕೆ ಬಂತು, ಎಲ್ಲ ಬಿಡಿಸಿ ಹೇಳಬೇಕು. ನಾನು ಹೇಳುತ್ತೇನೆ. ಅದಕ್ಕೇ ನನ್ನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಚಹಾ ಆರಿರುತ್ತದೆ.

ಮುರಿಗೆವ್ವ ಎಲ್ಲರ ಮುಂದೆ ‘ನನ್ನ ಮಗ ಮುತ್ತುನ ಲಗ್ನದ ಸಲುವಾಗಿ ಪ್ರಾರ್ಥನಾ ಮಾಡ್ರಿ’ ಎಂದಷ್ಟೇ ಹೇಳಿದಳು. ಆದರೆ ಅದಕ್ಕೂ ಮೊದಲು ಅಡುಗೆಮನೆಯಲ್ಲಿ ನನ್ನ ಕಿವಿಗೆ ಪೂರ್ತಿ ಹಾಕಿದ್ದಳು. ಮುತ್ತು ಒಣದ್ರಾಕ್ಷಿ ಶೆಡ್ ನಡೆಸುವ ಹುಡುಗ. ವಯಸ್ಸಿಗೆ ಮೊದಲೇ ತಲೆ ಬೋಳಾಗಿತ್ತು. ಗುಟ್ಟಾಗಿ ಸೋಲಾಪುರಕ್ಕೆ ಹೋಗಿ ಕೂದಲು ನೆಡಿಸಿಕೊಂಡು ಬಂದಿದ್ದಾನೆ. ಬಬಲೇಶ್ವರದ ಕಾವ್ಯಾ ಎಂಬ ಹುಡುಗಿಯನ್ನು ನೋಡಿದ್ದಾರೆ, ಮಾತು ಅರ್ಧಕ್ಕೆ ಬಂದಿದೆ.

‘ಕೂದಲಾ ಹಚ್ಚಿಸಿದ್ದು ಯಾರ ಮುಂದೂ ಹೇಳಬ್ಯಾಡ ರಾಹೇಲಾ, ನಿನ್ನ ಕಾಲಿಗೆ ಬೀಳ್ತೇನಿ’ ಎಂದಳು.

ನಾನು ಯಾರ ಮುಂದೆಯೂ ಹೇಳಲಿಲ್ಲ. ದೇವರ ಮುಂದೆ ಹೇಳಿದೆ.

‘ಕರ್ತನೇ, ಸೋಲಾಪುರದವರು ಮುತ್ತುವಿನ ತಲೆಯ ಮೇಲೆ ನೆಟ್ಟಿರುವ ಕೂದಲುಗಳನ್ನು ನೀನೇ ಕಾಯಬೇಕು. ಅವು ಬೇರು ಹಿಡಿಯಲಿ. ಬಿಸಿಲಿಗೆ ಒಣಗದಿರಲಿ, ಗಾಳಿಗೆ ಉದುರದಿರಲಿ. ಬಬಲೇಶ್ವರದ ಬೀಗರ ಕಣ್ಣಿಗೆ ಹುಟ್ಟಿದ ಕೂದಲಿನಂತೆಯೇ ಕಾಣಲಿ ಸ್ವಾಮೀ.’

ಆಮೆನ್ ಬರಲಿಲ್ಲ. ಕಣ್ಣು ತೆರೆದು ನೋಡಿದರೆ ಮುರಿಗೆವ್ವನ ಮುಖದಲ್ಲಿ ರಕ್ತವಿಲ್ಲ. ಮೂಲೆಯಲ್ಲಿ ಹಸಿರು ಸೀರೆಯ ಹೊಸ ಹೆಂಗಸೊಬ್ಬಳು ಕುಳಿತಿದ್ದಳು. ಯಾರೋ ಬೀಗರಿರಬೇಕು ಎಂದುಕೊಂಡಿದ್ದೆ. ಬೀಗರೇ. ಕಾವ್ಯಾಳ ಸೋದರತ್ತೆ. ಮನೆತನ ನೋಡಿಕೊಂಡು ಹೋಗಲು ಬಂದಿದ್ದಳಂತೆ. ಬಾಗಿಲಲ್ಲಿ ನಿಂತಿದ್ದ ಮುತ್ತು ಟವೆಲನ್ನು ತಲೆಯ ಮೇಲೆ ಎಳೆದುಕೊಂಡು ಹೊರಗೆ ನಡೆದ.

ಹಸಿರು ಸೀರೆಯವಳು ಚಹಾ ಕುಡಿಯದೆ ಹೋದಳು.

ಫೆಬ್ರವರಿ ೧೪, ಶುಕ್ರವಾರ

ಮುರಿಗೆವ್ವ ನಲ್ಲಿಯ ಹತ್ತಿರ ನನ್ನನ್ನು ನೋಡಿ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೋದಳು. ನನ್ನದೇನು ತಪ್ಪು? ಪ್ರಾರ್ಥನೆ ಮಾಡಿ ಎಂದವಳು ಅವಳೇ.

ಪಕ್ಕದ ಮನೆಯ ಸುರೈಯಾಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೇಳಿದಳು.

‘ಆಯಿ, ನಿಮ್ಮ ದೇವರಿಗೆ ಕಿವಿ ಮಂದ ಅದಾವೇನು?’

‘ಯಾಕ ಬೇ, ಛಲೋ ಅದಾವ.’

‘ಮತ್ತ ಓಣಿ ಮಂದಿಗೆಲ್ಲಾ ಕೇಳೂಹಂಗ ಯಾಕ ಹೇಳ್ತಿ?’

ಸುರೈಯಾ ನಮಾಜು ಮಾಡುವವಳು, ಅವಳಿಗೆ ನಮ್ಮ ಪದ್ಧತಿ ತಿಳಿಯುವುದಿಲ್ಲ. ಅಲ್ಲಿಗೆ ಬಿಟ್ಟೆ.

ಫೆಬ್ರವರಿ ೨೦, ಬೇಸ್ತವಾರ

ಮನೆ ಪ್ರಾರ್ಥನೆ ನಮ್ಮ ಮನೆಯಲ್ಲಿ ಇತ್ತು. ಅವಲಕ್ಕಿ ಮಾಡಿದ್ದೆ. ವಿಷಯ ಹೇಳಿ ಎಂದರೆ ಒಬ್ಬಳು ‘ನಮ್ಮದೊಂದು ಐತ್ರಿ, ದೇವರಿಗೆ ಗೊತ್ತೈತಿ’ ಎಂದಳು. ಮತ್ತೊಬ್ಬಳು ‘ನಮ್ಮದೂ ಹಂಗ ಐತಿ’ ಎಂದಳು. ಎಲ್ಲರಿಗೂ ಹಾಗೆಯೇ. ನಾನು ಏನೆಂದು ಪ್ರಾರ್ಥಿಸಲಿ? ಎರಡು ಮಾತಿಗೆ ಮುಗಿಯಿತು. ಚಹಾ ಸುಡುತ್ತಿತ್ತು, ಎಲ್ಲರೂ ಊದಿ ಊದಿ ಕುಡಿದರು.

ಮಾರ್ಚ್ ೨, ರವಿವಾರ

ಬಬಲೇಶ್ವರದವರು ‘ಸ್ವಲ್ಪ ತಡೀರಿ, ವಿಚಾರ ಮಾಡ್ತೇವಿ’ ಎಂದು ಹೇಳಿ ಕಳಿಸಿದ್ದಾರಂತೆ. ಮುರಿಗೆವ್ವ ಸಭೆಯ ಅಂಗಳದಲ್ಲಿ ನಿಂತು, ‘ಈಕಿ ಬಾಯಿಂದ ನನ್ನ ಮಗನ ಲಗ್ನಾ ನಿಂತೈತಿ. ಇಂಥಾಕಿನ್ನ ಅಧ್ಯಕ್ಷಿ ಮಾಡ್ತೀರೇನು?’ ಎಂದು ಎಲ್ಲರಿಗೂ ಕೇಳಿದಳು. ನಾನು ಚಪ್ಪಲಿ ಹುಡುಕುತ್ತಿದ್ದೆ. ಎರಡೂ ಕಾಲಲ್ಲಿಯೇ ಇದ್ದವು.

ಇವತ್ತಿನ ಪ್ರಸಂಗ ಕುಷ್ಠರೋಗಿಯದು. ಯೇಸುಸ್ವಾಮಿ ಅವನನ್ನು ವಾಸಿ ಮಾಡಿ, ಯಾರಿಗೂ ಹೇಳಬೇಡ ಎಂದು ಕಳಿಸಿದರಂತೆ. ನಾನು ಎಷ್ಟು ಸಲ ಕೇಳಿದ್ದೇನೆ, ಆದರೂ ಈ ಕಥೆ ನನಗೆ ಗಂಟಲಲ್ಲಿ ನಿಲ್ಲುತ್ತದೆ. ಅಷ್ಟು ದೊಡ್ಡ ಕೆಲಸ ಮಾಡಿ ಹೇಳಬೇಡ ಎನ್ನುವುದೇನು? ನಾನಾಗಿದ್ದರೆ ತೊರವಿಯವರೆಗೆ ಸುದ್ದಿ ಮುಟ್ಟಿಸಿ ಬರುತ್ತಿದ್ದೆ. ಅಯ್ಯನವರು ಹೇಳಿದರು: ‘ಸ್ವಾಮಿ ಹತ್ರ ಎಷ್ಟ ಮಂದಿ ತಮ್ಮ ಗಾಯಾ ಬಿಚ್ಚಿ ತೋರಿಸ್ಯಾರ ನೋಡ್ರಿ. ಇವ ನಮ್ಮನ್ನ ಬಜಾರದಾಗ ತೂಗಿ ಹಾಕಾಂವ ಅಲ್ಲ ಅಂತ ಅವರಿಗೆ ಗೊತ್ತಿತ್ತು. ಅದಕ್ಕ ಹಿಂದ ನಡದ್ರು.’

ಇವತ್ತೂ ನನ್ನ ಕಡೆಗೆ ನೋಡಿದರು. ಅವರ ಕಣ್ಣಿಗೆ ಬೇರೆ ಜಾಗವಿಲ್ಲವೇನೋ.

ಮಾರ್ಚ್ ೧೧, ಮಂಗಳವಾರ

ಬಬಲೇಶ್ವರಕ್ಕೆ ಹೋಗಿ ಬಂದೆ. ತಪ್ಪೊಪ್ಪಿಕೊಳ್ಳಲು ಅಲ್ಲ. ನಡೆದದ್ದು ಹೇಗೆಂದು ತಿಳಿಸಿ ಹೇಳಿ, ಲಗ್ನ ಕೂಡಿಸಿ, ಮುರಿಗೆವ್ವನ ಬಾಯಿ ಮುಚ್ಚಿಸಿ, ಅಧ್ಯಕ್ಷೆಯಾಗಲು.

ನೇರ ಬಸ್ಸು ತಪ್ಪಿತು. ವಿಜಯಪುರಕ್ಕೆ ಹೋಗಿ ಬಸ್ಸು ಬದಲಿಸಿದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಆ ಮನೆ ಹುಡುಕಿ ಬಾಗಿಲು ಬಡಿದರೆ ಕಾವ್ಯಾಳೇ ತೆಗೆದಳು. ಅವಳ ಅವ್ವ ಸಂತೆಗೆ ಹೋಗಿದ್ದಳು. ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಯಿತು.

‘ನಾನ ಆ ಪ್ರಾರ್ಥನಾ ಮಾಡ್ದಾಕಿ’ ಎಂದೆ.

ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ನಗು ನಿಲ್ಲಲೇ ಇಲ್ಲ.

‘ಆಯಿ, ಕೂದಲಾ ಹಚ್ಚಿಸ್ಕೊಂಡಿದ್ದು ನನಗ ಅವತ್ತ ಗೊತ್ತಾಗಿತ್ರಿ. ನನ್ನ ನೋಡಾಕ ಬಂದಾಗ ಫ್ಯಾನ್ ಬಂದ್ ಮಾಡ್ರಿ ಅಂದ. ಆ ಸೆಕೆದಾಗ ಯಾರರ ಫ್ಯಾನ್ ಬಂದ್ ಮಾಡ್ಸತಾರೇನ್ರಿ?’

‘ಮತ್ತ ತಡೀರಿ ಅಂದದ್ದು ಯಾಕವ್ವಾ?’

ಆಗ ನಗು ನಿಂತಿತು. ನೀರು ತಂದು ಕೊಟ್ಟಳು. ಎದುರು ಕುಳಿತು, ನಿಜವಾದ ಕಾರಣ ಹೇಳಿದಳು. ಅದು ಮುತ್ತುವಿನದಲ್ಲ, ಅವನ ಕೂದಲಿನದಲ್ಲ, ನನ್ನದಂತೂ ಅಲ್ಲವೇ ಅಲ್ಲ. ಅವಳದೇ ಒಂದು ವಿಷಯ. ಏಪ್ರಿಲ್ ಮುಗಿಯುವುದರೊಳಗೆ ಅದು ಇತ್ಯರ್ಥವಾಗಬೇಕು. ಛಲೋ ಆದರೆ ಮುತ್ತುವಿಗೆ ಹೂಂ ಎನ್ನುತ್ತಾಳೆ. ಆ ಸುದ್ದಿ ಹೊರಗೆ ಬಿದ್ದರೆ ಅವಳ ಅವ್ವ ಊರಲ್ಲಿ ತಲೆ ಎತ್ತುವುದು ಕಷ್ಟ.

ಏನೆಂದರೆ

ಇಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದೇನೆ. ಹೊಡೆದದ್ದರ ಮೇಲೆ ಮತ್ತೆ ಶಾಯಿ ಬಳಿದಿದ್ದೇನೆ. ಪೆನ್ನು ಸರಿಯಿಲ್ಲ.

‘ನನ್ನ ಬಾಯಿ ಎಂಥಾದ್ದು ಅಂತ ಗೊತ್ತಿದ್ದೂ ನನ್ನ ಮುಂದ ಹೇಳಿದೆಲ್ಲವ್ವಾ?’ ಎಂದು ಕೇಳಿದೆ.

‘ಬಾಯಿ ಮೊದಲ ಗೊತ್ತಿತ್ರಿ. ಈ ಬಿಸಿಲಾಗ ಇಲ್ಲೀತನಕ ಬಂದ ಕಾಲು ಇವತ್ತ ಗೊತ್ತಾದವು. ಮನ್ಯಾಗ ಯಾರ ಮುಂದೂ ಹೇಳಾಕ ಆಗವಲ್ದು ಆಯಿ, ಎದಿ ಒಡದಂಗ ಆಗೇತಿ. ನನ್ನ ಸಲುವಾಗಿ ಪ್ರಾರ್ಥನಾ ಮಾಡ್ರಿ. ಆದ್ರ ತುಟಿ ಅಲ್ಲಾಡಬಾರ್ದು.’

‘ಮುರಿಗೆವ್ವಗ ಏನ ಹೇಳ್ಲಿ?’

‘ತಡೀರಿ ಅಂತ ಹೇಳ್ರಿ. ಹೂಂ ಅನ್ನೂ ಮನಸೈತಿ ಅಂತನೂ ಹೇಳಬ್ಯಾಡ್ರಿ. ಹೇಳಿದ್ರ ತಡಾ ಯಾಕ ಅಂತ ಕೆದಕತಾರ.’

ಬರುವಾಗ ಬಸ್ಸಿನಲ್ಲಿ ಶೈಲಶ್ರೀಯೂ ಸಿಕ್ಕಳು, ಸಾಲೆ ಬಿಟ್ಟಿತ್ತು. ತಿಕೋಟಾದವರೆಗೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ, ‘ಅತ್ತಿ, ಆರಾಮ ಅದೀರಿಲ್ರಿ? ಇಷ್ಟೊತ್ತು ಸುಮ್ಮ ಕುಂತೀರಿ’ ಎಂದಳು.

ಗಂಟಲು ಕೆಟ್ಟಿದೆ ಎಂದೆ.

ಮಾರ್ಚ್ ೧೩, ಬೇಸ್ತವಾರ

ತುಟಿ ಅಲ್ಲಾಡಿಸದೆ ಪ್ರಾರ್ಥನೆ ಮಾಡುವುದು ಬಲು ಕಷ್ಟದ ಕೆಲಸ. ತುಟಿ ನಿಲ್ಲಿಸಿದರೆ ನಾಲಿಗೆ ಓಡುತ್ತದೆ. ನಾಲಿಗೆಯನ್ನು ಹಲ್ಲಿನಲ್ಲಿ ಹಿಡಿದರೆ ಗಲ್ಲ ಕುಣಿಯುತ್ತದೆ. ರಾಜಾರಾಮ ನೋಡಿ, ‘ಅವ್ವಾ, ಅಡಿಕಿ ತಿನ್ನಾಕತ್ತಿಯೇನು?’ ಎಂದು ಕೇಳಿದ. ನಿನ್ನ ಹೆಂಡತಿಯ ಚಪಾತಿ ಇನ್ನೂ ಅಗಿಯುತ್ತಿದ್ದೇನೆ ಎಂದೆ.

ಮಾರ್ಚ್ ೨೫, ಮಂಗಳವಾರ

ದಿನಾ ಒಬ್ಬರು ಬರುತ್ತಿದ್ದಾರೆ. ಬಬಲೇಶ್ವರಕ್ಕೆ ಹೋಗಿದ್ದು ಊರಿಗೆಲ್ಲ ಗೊತ್ತಾಗಿದೆ. ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಹೆಂಗಸರು ಕೈಯಲ್ಲಿನ ಕೆಲಸ ಬಿಟ್ಟು ನನ್ನ ಮುಖ ನೋಡುತ್ತಾರೆ. ‘ಹುಡಗಿ ಏನಂದ್ಳು ಹೇಳ ಬೇ ಯಕ್ಕಾ’ ಎಂದು ಒಬ್ಬಳು ತೊಡೆ ಹಿಂಡಿದಳು. ಒಂದು ಮಾತು ಹೇಳಿದರೆ ಸಾಕಿತ್ತು, ಲಗ್ನ ತಡವಾಗಿದ್ದಕ್ಕೆ ನಾನು ಕಾರಣಳಲ್ಲ ಎಂದು ಸಂಜೆಯೊಳಗೆ ತಿಕೋಟಾಕ್ಕೆಲ್ಲ ತಿಳಿಯುತ್ತಿತ್ತು. ಸ್ತ್ರೀ ಸಂಘದ ಕುರ್ಚಿ ಬಂದು ನನ್ನ ಮನೆಯ ಕಟ್ಟೆಯ ಮೇಲೆ ಕೂಡುತ್ತಿತ್ತು.

ಸುರೈಯಾಳೂ ಬಿಡಲಿಲ್ಲ. ‘ನಾ ನಿಮ್ಮ ಸಭಾಕ್ಕ ಬರಾಕಿ ಅಲ್ಲ. ನನ್ನ ಮುಂದ ಹೇಳಿದ್ರ ಏನಾಗ್ತೈತಿ?’

‘ಗಂಟಲಾ ಕೆಟ್ಟೈತಿ’ ಎಂದೆ.

‘ಹದಿನೈದ ದಿನದಿಂದ ಗಂಟಲಾ ಕೆಟ್ಟೈತಿ ಅಂತಿ. ನನ್ನ ಕೋಳಿ ನಿನ್ನ ಅಂಗಳಕ್ಕ ಬಂದ್ರ ಬೈಯಾಕ ಮಾತ್ರ ಛಲೋ ಆಗ್ತೈತಿ.’

ಅರಿಷಿಣ ಹಾಕಿದ ಹಾಲು ತಂದು ಕೊಟ್ಟಳು. ಕುಡಿಯಬೇಕಾಯಿತು.

ಮಾರ್ಚ್ ೩೦, ರವಿವಾರ

ಆಯ್ಕೆ ಮುಗಿಯಿತು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಆರಾಧನೆ ಆದ ಮೇಲೆ ಹೆಂಗಸರೆಲ್ಲ ಚಾಪೆಯ ಮೇಲೆ ಕುಳಿತರು. ಅಯ್ಯನವರು ರಾಹೇಲವ್ವ, ಶೈಲಶ್ರೀ ಎಂದು ಎರಡು ಹೆಸರು ಹೇಳಿದರು. ಕೂಡಲೇ ಮುರಿಗೆವ್ವ ಎದ್ದು ನಿಂತಳು.

‘ಅಯ್ಯನವರ, ಕೈ ಎತ್ತೂಕಿಂತ ಮೊದಲ ನಂದೊಂದು ಐತ್ರಿ. ರಾಹೇಲಾ, ನೀ ಬಬಲೇಶ್ವರಕ್ಕ ಹೋಗಿ ಬಂದಿ. ಹುಡಗಿ ಏನಂದ್ಳು? ನಿನ್ನಿಂದ ಲಗ್ನಾ ನಿಂತಿಲ್ಲ ಅಂದ್ರ ಈಗ ಎಲ್ಲಾರ ಮುಂದ ಹೇಳು. ನನ್ನ ಕೈ ನಾನ ನಿನಗ ಎತ್ತತೇನಿ.’

ಎಲ್ಲರೂ ನನ್ನ ಕಡೆಗೆ ತಿರುಗಿದರು. ನನ್ನ ಪರವಾಗಿ ಅಷ್ಟು ಚಂದದ ಪ್ರಶ್ನೆಯನ್ನು ಯಾರೂ ಎಂದೂ ಕೇಳಿರಲಿಲ್ಲ. ಮಾತು ಹಲ್ಲಿನವರೆಗೆ ಬಂದಿತ್ತು.

‘ಅಂದಾಳ. ಅಂದದ್ದು ಆಕಿದು, ನಂದಲ್ಲ’ ಎಂದೆ.

‘ಅಂದ್ರ?’

‘ಅಂದ್ರ ಏನೂ ಇಲ್ಲ. ಏಪ್ರಿಲ್ ಮುಗಿಯೂತನಕ ತಡಿ ಮುರಿಗೆವ್ವಾ.’

‘ನೋಡ್ರಿ, ಹೇಳಾಕ ಏನೂ ಇಲ್ಲ ಈಕಿ ಹತ್ರ’ ಎಂದು ಅವಳು ಕುಳಿತಳು. ಒಂದಿಬ್ಬರು ಸೆರಗಿನಲ್ಲಿ ನಕ್ಕರು. ಅಯ್ಯನವರು ನಗಲಿಲ್ಲ. ಇವತ್ತು ಅವರು ನನ್ನ ಕಡೆಗೆ ನೋಡಿದ್ದು ಬೇರೆ ರೀತಿ ಇತ್ತು. ಏನೋ, ಬಿಸಿಲು ಕಣ್ಣಿಗೆ ಹೊಡೆದಿರಬೇಕು.

ಕಣ್ಣು ಮುಚ್ಚಿ ಕೈ ಎತ್ತುವುದು ನಮ್ಮ ಸಭೆಯ ರೂಢಿ, ಒಬ್ಬರದು ಒಬ್ಬರು ನೋಡಬಾರದು. ನನ್ನ ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ. ನನ್ನ ಹೆಸರು ಕರೆದಾಗ ಅದಕ್ಕೆ ಕಂಡದ್ದು ಇಷ್ಟು: ನಮ್ಮ ಓಣಿಯ ಕರೆಪ್ಪನ ಕಿವಿ ಕೇಳದ ಅವ್ವ ಕೈ ಎತ್ತಿದ್ದಳು, ಅವಳು ಎಲ್ಲದಕ್ಕೂ ಎತ್ತುತ್ತಾಳೆ. ಇನ್ನೊಂದು ಕೈ ಇತ್ತು. ಬಳೆ ನೋಡಿ ಗುರುತು ಹಿಡಿದೆ. ನಾನೇ ಕೊಡಿಸಿದ ಬಳೆ. ಶೈಲಶ್ರೀಯ ಕೈ.

ಆಮೇಲೆ ಶೈಲಶ್ರೀಯ ಹೆಸರು ಕರೆದರು. ನನ್ನ ಭುಜ ಹಿಡಿದಂತಾಗಿತ್ತು, ಸ್ವಲ್ಪ ಎಳೆದು ಸಡಿಲ ಮಾಡೋಣವೆಂದು ಕೈ ಮೇಲೆತ್ತಿದೆ.

ಅವಳೇ ಅಧ್ಯಕ್ಷೆ. ರಾತ್ರಿ ಊಟಕ್ಕೆ ಶಾವಿಗೆ ಪಾಯಸ ಮಾಡು ಎಂದು ನಾನೇ ಹೇಳಿದೆ. ಸೋತ ಮನೆಯಲ್ಲಿಯೇ ಗೆದ್ದವಳೂ ಇದ್ದರೆ ಸಕ್ಕರೆ ಉಳಿಸಲು ಬರುವುದಿಲ್ಲ.

ಏಪ್ರಿಲ್ ೩, ಬೇಸ್ತವಾರ

ಶೈಲಶ್ರೀ ಅಡುಗೆಮನೆಯಲ್ಲಿ ಮೆಂತ್ಯಸೊಪ್ಪು ಸೋಸುತ್ತ ನನ್ನ ಹತ್ತಿರ ಸರಿದು ಕುಳಿತಳು.

‘ಅತ್ತಿ, ಈಗ ಮಂದಿ ಬಂದು ತಮ್ಮ ತ್ರಾಸಾ ನನ್ನ ಮುಂದ ಹೇಳಾಕತ್ತಾರ್ರಿ. ಕೇಳಿ ಕೇಳಿ ಎದಿ ಭಾರ ಆಗ್ತೈತಿ. ನಂದು ನಾ ಯಾರ ಮುಂದ ಹೇಳ್ಲಿ?’

‘ನಾ ಸತ್ತೀನೇನು? ಹೇಳು’ ಎಂದೆ.

ಹೇಳಿದಳು. ಈ ಮನೆಗೆ ಬಂದಾಗಿನಿಂದ ಹೇಳದೇ ಇದ್ದದ್ದು. ಸೊಪ್ಪು ಬಾಡುವವರೆಗೆ ಕುಳಿತಿದ್ದೆವು.

ಏಪ್ರಿಲ್ ೮, ಮಂಗಳವಾರ

ಸುರೈಯಾ ಬಂದಿದ್ದಳು. ಹಿತ್ತಲಲ್ಲಿ ಕುಳಿತು ಮಾತಾಡಿದೆವು. ಅತ್ತಳು. ಹೋದಳು.

ಏಪ್ರಿಲ್ ೧೨, ಶನಿವಾರ

ಈ ಡೈರಿಯಿಂದ ಏನೂ ಉಪಯೋಗವಿಲ್ಲ. ಬರೆಯಬೇಕೆಂದು ಕುಳಿತರೆ ಬರೆಯುವಂಥದ್ದು ಒಂದೂ ಉಳಿಯುವುದಿಲ್ಲ. ಇವತ್ತು ಬದನೆಕಾಯಿ ಪಲ್ಯ ಮಾಡಿದ್ದೆವು. ಉಪ್ಪು ಕಡಿಮೆಯಾಗಿತ್ತು.

ಏಪ್ರಿಲ್ ೨೨, ಮಂಗಳವಾರ

ಪುನರುತ್ಥಾನದ ಹಬ್ಬ ಮುಗಿಯಿತು. ಬಬಲೇಶ್ವರದಿಂದ ಸುದ್ದಿಯಿಲ್ಲ.

ಮಧ್ಯಾಹ್ನ ಕಟ್ಟೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದೆ. ಮುರಿಗೆವ್ವ ಬಂದು ಕೆಳಗೆ ನಿಂತಳು. ಬೈಯಲು ಬಂದಿದ್ದಾಳೆ ಎಂದುಕೊಂಡು ನಾನೂ ಸೆರಗು ಸಿಗಿಸಿ ತಯಾರಾದೆ. ಅವಳು ಮೇಲೆ ಹತ್ತಿ ಬಂದು, ಹಪ್ಪಳದ ಇನ್ನೊಂದು ಮಗ್ಗುಲಿಗೆ ಕುಳಿತು, ಒಂದೊಂದೇ ತಿರುವಿ ಹಾಕತೊಡಗಿದಳು.

‘ಮುತ್ತು ಬ್ಯಾರೆ ಕನ್ಯಾ ನೋಡೂದು ಬ್ಯಾಡ ಅಂತಾನ’ ಎಂದಳು.

‘ನೋಡಬ್ಯಾಡ್ರಿ.’

‘ನೀ ಅವತ್ತ ಹೇಳಿದ್ರ ಗೆಲ್ತಿದ್ದಿ. ನಾ ಕೈ ಎತ್ತತೇನಿ ಅಂದಿದ್ದೆ. ಆದ್ರೂ ಹೇಳ್ಲಿಲ್ಲ.’

‘ಗಂಟಲಾ—’

‘ಸುಮ್ಮಕುಂಡ್ರ ಬೇ, ಗಂಟಲಂತ ಗಂಟಲಾ. ಮನ್ಯಾಗ ಕುಂತು ವಿಚಾರ ಮಾಡೇನಿ ನಾ. ನಿನ್ನ ಹೊಟ್ಟ್ಯಾಗ ಒಂದು ಮಾತು ಇಷ್ಟ ದಿನ ನಿಂತೈತಿ ಅಂದ್ರ ಅದು ಸಣ್ಣ ಮಾತಲ್ಲ. ಏನು ಅಂತ ನಾ ಕೇಳೂದಿಲ್ಲ. ಒಂದ ಹೇಳು, ನಾ ತಡಿಯೂದು ಛಲೋ ಏನು?’

‘ಛಲೋ’ ಎಂದೆ.

‘ಆತು. ಹಂಗಾದ್ರ ತಡೀತೇನಿ’ ಎಂದಳು. ಮತ್ತೇನೂ ಕೇಳದೆ, ನನ್ನ ಮೇಲೆ ಭಾರ ಹಾಕಿ, ಸೊಂಟ ಹಿಡಿದುಕೊಂಡು ಕಟ್ಟೆ ಇಳಿದು ಹೋದಳು.

ಕರ್ತನೇ, ಇನ್ನು ಮುಂದಿನದು ನಿನಗೆ. ಬಾಯಿಯಿಂದ ಹೇಳುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ಹುಡುಗಿಯ ವಿಷಯ ನಿನಗೆ ಗೊತ್ತು, ನನಗೆ ಗೊತ್ತು, ಅಲ್ಲಿಗೆ ಮುಗಿಯಲಿ. ಮುರಿಗೆವ್ವ ನನ್ನ ಒಂದು ಮಾತಿನ ಮೇಲೆ ಮಗನನ್ನು ಕೂರಿಸಿಕೊಂಡು ಕಾಯುತ್ತಿದ್ದಾಳೆ. ನಾನು ನಿನ್ನ ಮಾತಿನ ಮೇಲೆ ಕಾಯುತ್ತಿದ್ದೇನೆ. ಇದುವರೆಗೆ ನನ್ನ ಮಾತನ್ನು ಹೀಗೆ ಹಿಡಿದುಕೊಂಡು ಹೋದವರು ಯಾರೂ ಇಲ್ಲ, ಅದು ಕೆಳಗೆ ಬೀಳಬಾರದು. ನಿನಗೆ ಕೆಲಸ ಬಹಳವಿರಬಹುದು, ನನಗೂ ಹಪ್ಪಳವಿದೆ. ನೆಪ ಹೇಳಬೇಡ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಕೊಡು.